ಕಿಸಾಕು ಸಾನ್ ನಿದ್ದೆಗೆ ಹೊರಟದ್ದು

ನಮ್ಮ ಬೆಟ್ಟದೂರು ಕಾಮಿತಾನಿಯಲ್ಲಿ ಕೇರಿಯ ಯಜಮಾನಿಕೆ ಯಾರೂ ಕೇಳಿ ಪಡೆಯುವಂಥದ್ದಲ್ಲ. ಅದು ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ. ಬಂದರೆ ಒಂದು ವರ್ಷ ಬಿಡುವುದಿಲ್ಲ. ಇಳಿಜಾರಿನ ದಾರಿಯ ಹುಲ್ಲನ್ನು ಯಾವ ಭಾನುವಾರ ಕೊಯ್ಯಬೇಕು, ಕಸ ಇಡುವ ಜಾಗದ ಬಲೆಯನ್ನು ಕಾಗೆಗಳು ಎತ್ತಿದರೆ ಯಾರು ಸರಿಮಾಡಬೇಕು, ಕಾಡುಹಂದಿಯ ಬೇಲಿಯಲ್ಲಿ ಕರೆಂಟು ಹರಿಯುತ್ತಿದೆಯೋ ಇಲ್ಲವೋ, ಎಲ್ಲವೂ ಯಜಮಾನನ ತಲೆಗೇ. ಆ ವರ್ಷದ ಸರದಿ ಓಚಿ ಕಿಸಾಕು ಅವರದು. ಕೇರಿಯಲ್ಲಿ ಅರ್ಧ ಮನೆಗಳು ಓಚಿ ಮನೆತನದವೇ ಆದ್ದರಿಂದ ನಾವು ಅವರನ್ನು ಸ್ವಂತ ಹೆಸರಿಗೆ ಮರ್ಯಾದೆಯ ‘ಸಾನ್’ ಸೇರಿಸಿ ಕಿಸಾಕು ಸಾನ್ ಎಂದೇ ಕರೆಯುವುದು. ನನ್ನದು ಅವರ ಮನೆಯ ಕೆಳಗಿನ ಮನೆ; ಅಣಬೆ ಬೆಳೆಯುತ್ತೇನೆ. ಅವರ ಬಾಗಿಲು ಸರಿದರೆ ನನಗೆ ಕೇಳುತ್ತದೆ. ಆ ವರ್ಷ ಅದು ಸರಿಯದೆ ಸುಮ್ಮನಿದ್ದ ಗಳಿಗೆ ಕಡಿಮೆ.

ನಮ್ಮಲ್ಲಿ ಬಾಗಿಲು ತಟ್ಟುವ ಪದ್ಧತಿ ಇಲ್ಲ. ಸರಿಸುತ್ತೇವೆ, ಒಳಗೆ ಒಂದು ಹೆಜ್ಜೆ ಇಡುತ್ತೇವೆ, "ಇದ್ದೀರಾ?" ಎಂದು ಕೂಗುತ್ತೇವೆ. ಇದ್ದವರು ಇದ್ದೇವೆ ಎನ್ನಬೇಕು. ಮಲಗಿದ್ದೇವೆ ಎಂದು ಉತ್ತರ ಕೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಬೆಳಕು ಹರಿಯುವ ಮೊದಲೇ ಯಾರಾದರೂ ಬಂದು ಬಲೆ ಹಾರಿದೆ ಎನ್ನುತ್ತಿದ್ದರು. ಕತ್ತಲಾದ ಮೇಲೆ ಇನ್ನೊಬ್ಬರು ಬಂದು ಗೆಣಸಿನ ಹೊಲಕ್ಕೆ ಹಂದಿ ಇಳಿದಿದೆ ಎನ್ನುತ್ತಿದ್ದರು. ಕಿಸಾಕು ಸಾನ್ ಟಾರ್ಚು ಹಿಡಿದು, ಹಳೆಯ ಎಣ್ಣೆಡಬ್ಬ ಬಡಿಯುತ್ತಾ ಹೋಗುತ್ತಿದ್ದರು. ಹಂದಿಗಳು ಆ ಸದ್ದಿಗೆ ಒಗ್ಗಿಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದವು. ಒಗ್ಗದೇ ಉಳಿದವರು ಕಿಸಾಕು ಸಾನ್ ಒಬ್ಬರೇ.

ಚೆಸ್ಟ್‌ನಟ್ ಕಾಯಿ ಉದುರುವ ಕಾಲಕ್ಕೆ ಅವರ ಸ್ಥಿತಿ ನೋಡುವ ಹಾಗಿರಲಿಲ್ಲ. ಹೊಳೆಯಾಚೆಯ ಮನೆಯೊಂದರ ಶವಸಂಸ್ಕಾರದಲ್ಲಿ ಧೂಪ ಹಾಕಿ ನಮಸ್ಕಾರಕ್ಕೆ ಬಗ್ಗಿದವರು ಮೇಲೇಳಲೇ ಇಲ್ಲ. ಹೆಂಡತಿ ಸುಯೆ ಕೋಟಿನ ಹಿಂಬದಿ ಹಿಡಿದು ಎತ್ತಬೇಕಾಯಿತು. ಸತ್ತವರ ಮಗ ಕಣ್ಣೊರೆಸಿಕೊಂಡು, "ನಮ್ಮಪ್ಪನಿಗಾಗಿ ಇಷ್ಟು ಸಂಕಟಪಟ್ಟೋರು ಇನ್ನೊಬ್ಬರಿಲ್ಲ" ಎಂದ. ಕಿಸಾಕು ಸಾನ್ ಕೆನ್ನೆಯ ಮೇಲೆ ಚಾಪೆಯ ಅಚ್ಚು ಮೂಡಿತ್ತು.

ಅದೇ ವಾರ ಕ್ಷೌರದಂಗಡಿಯಲ್ಲಿ ಕಾಯುತ್ತ ಕುಳಿತಾಗ ಅವರ ಕೈಗೆ ಒಂದು ವಾರಪತ್ರಿಕೆ ಸಿಕ್ಕಿತು. ಅದರಲ್ಲಿ ಮಾತ್ಸುಯಾಮಾ ಪೇಟೆಯಲ್ಲಿ ಪ್ರವಾಸಿಗರು ತಂಗುವ ಅಗ್ಗದ ಹಾಸ್ಟೆಲ್ ಒಂದರ ಚಿತ್ರವಿತ್ತು. ಗೋಡೆಗೆ ಸೇರಿಸಿದ ಮರದ ಹಾಸಿಗೆ, ತಲೆಯ ಹತ್ತಿರ ಪುಟ್ಟ ದೀಪ, ಮುಂದೆ ಒಂದು ದಪ್ಪ ಪರದೆ. ಕಿಸಾಕು ಸಾನ್ ಆ ಪರದೆಯನ್ನು ಎಷ್ಟು ಹೊತ್ತು ನೋಡಿದರೆಂದರೆ ಕ್ಷೌರಿಕ ಅವರ ಸರದಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟ. ಒಳ್ಳೆಯ ಬಿಸಿನೀರಿನ ಬುಗ್ಗೆಯ ಛತ್ರಕ್ಕೆ ಹೋದರೆ ಮನೆಯೊಡತಿ ಊಟ ತಂದು ಪಕ್ಕದಲ್ಲೇ ಕುಳಿತು ನಿಮ್ಮ ಕಡೆ ಭತ್ತ ಹೇಗಿದೆ ಎಂದು ಕೇಳುತ್ತಾಳೆ. ಹೋಟೆಲಿಗೆ ಹೋದರೆ ಬೆಳಿಗ್ಗೆ ತಿಂಡಿಗೆ ಬನ್ನಿ ಎಂದು ಫೋನು ಬಡಿಯುತ್ತದೆ. ಇಲ್ಲಿ ಹಾಗಲ್ಲ. ಪರದೆ ಎಳೆದರೆ ಮುಗಿಯಿತು. ಎರಡು ರಾತ್ರಿ ಹೋಗಿ ಮಲಗಿ ಬರಬೇಕು ಎಂದು ಅವರು ಅಲ್ಲೇ ನಿಶ್ಚಯಿಸಿದರು.

ಆದರೆ ಅರವತ್ತು ದಾಟಿದ ಗಂಡಸು, ಕೇರಿಯ ಯಜಮಾನ, ನಿದ್ದೆ ಮಾಡಲು ಪೇಟೆಗೆ ಹೋಗುತ್ತೇನೆಂದು ಹೇಗೆ ಹೇಳುವುದು? ಆದ್ದರಿಂದ ಮಾತ್ಸುಯಾಮಾಗೆ ಹೊರಡುವ ದಿನವನ್ನಷ್ಟೇ ತಿಳಿಸಿ, ಅವರು ಎಲ್ಲರೂ ಹೇಳುವುದನ್ನೇ ಹೇಳಿದರು: "ಸ್ವಲ್ಪ ಕೆಲಸ ಇದೆ." ನಮ್ಮಲ್ಲಿ ಯಾರಾದರೂ ಸ್ವಲ್ಪ ಕೆಲಸ ಇದೆ ಎಂದರೆ ಏನು ಕೆಲಸ ಎಂದು ಕೇಳುವುದಿಲ್ಲ. ಅಷ್ಟು ಮರ್ಯಾದೆ ನಮಗಿದೆ. ಕೇಳದೆ, ಮನೆಗೆ ಹೋಗಿ, ಏನಿರಬಹುದು ಎಂದು ತಿಂಗಳುಗಟ್ಟಲೆ ಯೋಚಿಸುತ್ತೇವೆ.

ಹಾಸ್ಟೆಲಿನವರು ಫೋನಿನಲ್ಲಿ ಜಾಗ ಕಾದಿರಿಸುವುದಿಲ್ಲವಂತೆ. ಎಲ್ಲ ಕಂಪ್ಯೂಟರಿನಲ್ಲೇ ಆಗಬೇಕಂತೆ. ಕಿಸಾಕು ಸಾನ್ ಕೆಳಗಿನ ಊರಿನ ಪಂಚಾಯಿತಿ ಕಚೇರಿಗೆ ಹೋಗಿ ಅಲ್ಲಿನ ಗುಮಾಸ್ತ ಮಿಯೊಶಿಯ ಮೇಜಿನ ಮುಂದೆ ಕುಳಿತರು. ಮಿಯೊಶಿ ಮೂವತ್ತರ ಆಸುಪಾಸಿನವನು, ಬಹಳ ಶಿಸ್ತಿನ ಮನುಷ್ಯ. ಅಲ್ಲಿ ನಡೆದ ಮಾತನ್ನು ಅವನೇ ಬಹಳ ದಿನದ ಮೇಲೆ ನನಗೆ ಹೇಳಿದ.

"ಎಷ್ಟು ಜನ, ಕಿಸಾಕು ಸಾನ್?"

"ಒಬ್ನೇ."

"ಸುಯೆ ಸಾನ್ ಬರಲ್ವಾ?"

"ಅವಳಿಗಿನ್ನೂ ನಿಜ ಹೇಳಿಲ್ಲ. ನೀನೂ ಹೇಳ್ಬೇಡಪ್ಪ. ಸಮಯ ನೋಡಿ ನಾನೇ ಹೇಳ್ತೀನಿ."

ಮಿಯೊಶಿ ತಲೆಯಾಡಿಸಿದ. ಕಂಪ್ಯೂಟರಿನಲ್ಲಿ ನಕ್ಷೆ ತೆರೆಯಿತು. ಹಾಸ್ಟೆಲಿನ ಬೆನ್ನಿಗೇ ಜಿಲ್ಲೆಯ ದೊಡ್ಡ ಆಸ್ಪತ್ರೆ ಇತ್ತು.

"ಮೇಲಿನ ಹಾಸಿಗೆನಾ, ಕೆಳಗಿನದಾ?"

"ಕೆಳಗಿಂದೇ ಕೊಡು. ಮೇಲೆ ಹತ್ತೋ ಶಕ್ತಿ ಎಲ್ಲಿದೆ ಈಗ."

"ಇಲ್ಲೊಂದು ಕೇಳ್ತಿದಾರೆ. ಹಾಸ್ಟೆಲಿನೋರಿಗೆ ಏನಾದ್ರೂ ಹೇಳೋದಿದ್ರೆ ಬರೀಬಹುದಂತೆ."

ಕಿಸಾಕು ಸಾನ್ ಹೇಳಿದರು: "ಎಬ್ಬಿಸಬೇಡಿ ಅಂತ ಬರಿ."

"ಎಷ್ಟು ಹೊತ್ತಿನವರೆಗೆ ಎಬ್ಬಿಸಬಾರದು?"

"ಎಬ್ಬಿಸಲೇಬಾರದು ಅಂತ ಬರಿ."

ಮಿಯೊಶಿಯ ಬೆರಳು ಅಲ್ಲೇ ನಿಂತಿತು. ಅವನು ಏನೂ ಕೇಳಲಿಲ್ಲ. ಸರ್ಕಾರಿ ನೌಕರನಿಗೆ ಬೇರೆಯವರ ಗುಟ್ಟು ಕಾಯುವ ಹೊಣೆಯಿದೆ. ಅವನು ಅದನ್ನು ಕಾಯ್ದ. ಒಬ್ಬರಿಗೂ ಒಂದು ಮಾತು ಹೇಳಲಿಲ್ಲ. ಕಿಸಾಕು ಸಾನ್ ಎದ್ದು ಹೊರಟಾಗ ಮಾತ್ರ ಬಾಗಿಲವರೆಗೆ ಬಂದು, ಸೊಂಟ ಮುರಿಯುವ ಹಾಗೆ ಬಗ್ಗಿ, ಅವರು ರಸ್ತೆಯ ತಿರುವು ದಾಟುವವರೆಗೆ ಹಾಗೇ ಇದ್ದ.

ನೀರಿನ ಬಿಲ್ಲು ಕಟ್ಟಲು ಬಂದಿದ್ದ ಹಿಸಾನೊ ಅದನ್ನು ನೋಡಿದಳು. ಹಿಸಾನೊ ನಮ್ಮ ಕೇರಿಯ ಮೇಲಿನ ತುದಿಯ ವಿಧವೆ. ಅವಳು ನೋಡಿದ ಮೇಲೆ ಉಳಿದವರು ನೋಡುವ ಅಗತ್ಯ ಬೀಳುವುದಿಲ್ಲ. ಆ ಕಚೇರಿಯ ಗುಮಾಸ್ತರು ಅರ್ಜಿ ಹಿಡಿದು ಬಂದವರಿಗೆ ಎಷ್ಟು ಬಗ್ಗುತ್ತಾರೆ, ತೆರಿಗೆ ಕಟ್ಟಿದವರಿಗೆ ಎಷ್ಟು, ದೂರು ತಂದವರಿಗೆ ಎಷ್ಟು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಷ್ಟು ಆಳಕ್ಕೆ ಬಗ್ಗುವುದನ್ನು ಅವಳು ಒಂದೇ ಸಲ ಕಂಡಿದ್ದಳು: ಗಂಡ ಹೋದಾಗ, ಮರಣದ ಕಾಗದ ತರಲು ಹೋಗಿದ್ದ ದಿನ.

ಮರುದಿನ ಬೆಳಿಗ್ಗೆ ಕಿಸಾಕು ಸಾನ್ ಮನೆಯ ಬಾಗಿಲು ಸರಿಯಿತು.

"ಇದ್ದೀರಾ?"

ಹಿಸಾನೊ ಕೈಯಲ್ಲಿ ಮರದ ಪೆಟ್ಟಿಗೆಯಲ್ಲಿಟ್ಟ ಕರಬೂಜ ಹಿಡಿದು ನಿಂತಿದ್ದಳು. ಆ ಹಣ್ಣನ್ನು ನಮ್ಮಲ್ಲಿ ಆಸೆಯಾಯಿತೆಂದು ಯಾರೂ ಕೊಂಡು ತಿನ್ನುವುದಿಲ್ಲ. ಅದು ಹಾಸಿಗೆ ಹಿಡಿದವರ ಮನೆಗೆ ಹೋಗುವ ಹಣ್ಣು. ಆದರೆ ಕಿಸಾಕು ಸಾನ್ ಅರೆನಿದ್ದೆಯಲ್ಲಿದ್ದರು. ಕಾಗೆಯ ಬಲೆ ಸರಿಮಾಡಿದ್ದಕ್ಕೆ ಕೊಡುತ್ತಿದ್ದಾಳೆ ಎಂದುಕೊಂಡರು.

"ಅಯ್ಯೋ, ಇದೆಲ್ಲ ಯಾಕೆ ಹಿಸಾನೊ ಸಾನ್? ಎಲ್ಲರಿಗೂ ಒಂದಲ್ಲ ಒಂದು ದಿನ ಬರೋದೇ ಅಲ್ವಾ. ಈ ವರ್ಷ ನನ್ನ ಸರದಿ."

ಹಿಸಾನೊ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಷ್ಟು ಸಮಾಧಾನವಾಗಿ ಹೇಳ್ತೀರಿ ನೀವು."

"ಸಮಾಧಾನ ಮಾಡ್ಕೊಳ್ದೆ ಏನ್ಮಾಡೋದು? ಬೇಡ ಅಂದ್ರೆ ಬಿಡುತ್ತಾ?"

"ಮಾತ್ಸುಯಾಮಾ ಕಡೆ ಹೊರಟಿದ್ದೀರಂತೆ."

"ಹೂಂ. ಸ್ವಲ್ಪ ಕೆಲಸ ಇದೆ."

"ಅಲ್ಲಿ ಒಳ್ಳೊಳ್ಳೆಯವರಿದಾರಂತೆ" ಎಂದಳು ಹಿಸಾನೊ, ನೆಲ ನೋಡುತ್ತಾ.

"ಇರಬಹುದಪ್ಪ. ನನಗೆ ಯಾರ ಮುಖಾನೂ ನೋಡ್ಬೇಕಾಗಿಲ್ಲ. ಸುಮ್ನೆ ಕಣ್ಣು ಮುಚ್ಚಿದ್ರೆ ಸಾಕಾಗಿದೆ."

ಹಿಸಾನೊ ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ. ಒಂದೊಂದು ಮನೆ ಹೊಕ್ಕು ಹೋದಳು. ನಮ್ಮ ಮನೆಗೂ ಬಂದಳು. ಕಾಯಿಲೆ ಎಂಬ ಮಾತನ್ನು ಅವಳು ಎತ್ತಲಿಲ್ಲ. "ಕಿಸಾಕು ಸಾನ್ ಬಹಳ ದೊಡ್ಡ ಮನಸ್ಸಿನವರು ಕಣ್ರೀ" ಎಂದಳು ಅಷ್ಟೆ. ಬದುಕಿರುವ ಮನುಷ್ಯನನ್ನು ನಮ್ಮ ಕೇರಿಯಲ್ಲಿ ಹಾಗೆ ಹೊಗಳುವುದಿಲ್ಲ. ನನ್ನ ಹೆಂಡತಿ ಕೂಡಲೇ ಕೆಳಗಿನ ಊರಿಗೆ ಕರಬೂಜ ತರಲು ಹೋದಳು.

ಮೂರನೆಯ ದಿನದ ಹೊತ್ತಿಗೆ ಕಿಸಾಕು ಸಾನ್ ಮನೆಯ ಮುಂಗೋಣೆಯಲ್ಲಿ ಚಪ್ಪಲಿ ಬಿಡಲು ಜಾಗ ಇರಲಿಲ್ಲ. ಕರಬೂಜದ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಇಷ್ಟಾದರೂ ಯಾರೂ ಏನನ್ನೂ ಹೆಸರೆತ್ತಿ ಹೇಳದ ಕಾರಣ ಕಿಸಾಕು ಸಾನ್‌ಗೆ ಅಲ್ಲಗಳೆಯಲು ಏನೂ ಸಿಗಲಿಲ್ಲ. ನನಗೆ ಕಾಯಿಲೆ ಇಲ್ಲ ಎಂದು ತಾವಾಗಿಯೇ ಹೇಳಿದರೆ, ಯಾರು ಇದೆ ಅಂದರು ಎಂದು ಕೇಳುತ್ತಾರೆ.

ಸುಯೆ ಪೆಟ್ಟಿಗೆಗಳ ಮಧ್ಯೆ ಕುಳಿತು ಗಂಡನ ಮುಖ ನೋಡಿದಳು.

"ರೀ, ನನ್ನ ಹತ್ರ ಮುಚ್ಚಿಡ್ಬೇಡಿ. ಮಾತ್ಸುಯಾಮಾಗೆ ಯಾಕೆ ಹೋಗ್ತಿದೀರಿ?"

ಕಿಸಾಕು ಸಾನ್ ನಿಜ ಹೇಳುವ ಕಾಲ ಬಂತೆಂದು ನೆಟ್ಟಗೆ ಕುಳಿತರು. "ಮಲಗೋಕೆ."

"ಅಂದ್ರೆ?"

"ಅಂದ್ರೆ ಇನ್ನೇನು, ಮಲಗೋಕೇ. ನನಗೆ ಸಾಕಾಗಿದೆ ಸುಯೆ. ಯಾರೂ ಇಲ್ಲದ ಕಡೆ ಹೋಗಿ ನೆಮ್ಮದಿಯಾಗಿ ಮಲಗಿಬಿಡ್ಬೇಕು ಅನ್ನಿಸಿದೆ."

ಸುಯೆ ಅಡಿಗೆಯ ಮೇಲಂಗಿಯ ತುದಿಯನ್ನು ಬಾಯಿಗೊತ್ತಿಕೊಂಡು ಅತ್ತಳು. ಕಿಸಾಕು ಸಾನ್ ಸಮಾಧಾನಪಡಿಸಲು, "ಅಲ್ಲೊಂದು ಹಾಸ್ಟೆಲ್‌ನಲ್ಲಿ ಎರಡೇ ರಾತ್ರಿ ಕಣೇ, ಮುಗಿದುಹೋಗುತ್ತೆ" ಎಂದರು. ಅವಳು ಇನ್ನೂ ಜೋರಾಗಿ ಅತ್ತು, ಅಣ್ಣನಿಗೆ ಫೋನು ಮಾಡಿದಳು.

ಸುಯೆಯ ಅಣ್ಣ ತಾತ್ಸುಜೊ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಪಕ್ಕದ ಕಣಿವೆಯಲ್ಲಿ ಮನೆ. ಎಲ್ಲಿ ಹೋದರೂ ರೈಲು ಬಿಡುವ ಧಾಟಿಯಲ್ಲೇ ಮಾತು.

"ಭಾವ, ಹಾಸ್ಟೆಲ್ ಅಂದ್ರೆ ಬೆನ್ನಿಗೆ ಚೀಲ ಕಟ್ಕೊಂಡು ಅಲೆಯೋ ಹುಡುಗರು ಮಲಗೋ ಜಾಗ. ಇಂಥ ಹೊತ್ತಲ್ಲಿ ನೀನು ಅಲ್ಲಿ ಮಲಗೋದಾ? ನಾನು ಹೋಟೆಲಲ್ಲಿ ರೂಮು ಹೇಳ್ತೀನಿ. ದುಡ್ಡಿನ ಮುಖ ನೋಡ್ಬೇಡ."

"ಬೇಡ ಭಾವ. ನನಗೆ ಅಲ್ಲಿಯ ಪರದೆ ಸಾಕು."

"ನೋಡಿದ್ಯಾ ಸುಯೆ" ಎಂದರು ತಾತ್ಸುಜೊ, ತಂಗಿಯ ಕಡೆ ತಿರುಗಿ, "ನಿನ್ನ ಮುಂದಿನ ದಿನಕ್ಕೆ ಅಂತ ಈಗಿಂದಲೇ ಉಳಿಸ್ತಿದಾನೆ."

"ನಾನು ಹೇಳೋದನ್ನ ಒಂದ್ಸಲ ಪೂರ್ತಿ ಕೇಳಿ. ನನಗೆ ನಿದ್ದೆ ಕಣ್ರೀ, ನಿದ್ದೆ!"

"ಗೊತ್ತಪ್ಪ, ಗೊತ್ತು. ಔಷಧಿ ಅಂದ್ರೆ ಹಾಗೇ. ನಿದ್ದೆ ಬರುತ್ತೆ."

ಇತ್ತ ಕೇರಿಯವರು ಯಜಮಾನನಿಗೆ ವಿಶ್ರಾಂತಿ ಕೊಡಬೇಕೆಂದು ಅವರ ಕೆಲಸಗಳನ್ನೆಲ್ಲ ಹಂಚಿಕೊಂಡರು. ನಾನೂ ಬೇಲಿಯ ಕೆಲಸ ವಹಿಸಿಕೊಂಡೆ. ಬೇಲಿಯ ಸ್ವಿಚ್ಚು ಎಲ್ಲಿದೆ ಎಂದು ಗೊತ್ತಿಲ್ಲದೆ ಬೆಳಿಗ್ಗೆ ಹೋಗಿ ಅವರನ್ನೇ ಕೇಳಿದೆ. ಹುಲ್ಲಿನ ಯಂತ್ರಕ್ಕೆ ಯಾವ ಎಣ್ಣೆ ಎಂದು ಇನ್ನೊಬ್ಬ ಕೇಳಿದ. ಕಸದ ಬಲೆಯ ಕಲ್ಲು ಎಲ್ಲಿಟ್ಟಿದ್ದೀರಿ ಎಂದು ಎಂಬತ್ತೆಂಟರ ಇತೊ ಅಜ್ಜಿ ಕೋಲೂರಿಕೊಂಡು ಬಂದು ಕೇಳಿದಳು. ಮೊದಲು ಕೆಲಸವಿದ್ದಾಗ ಮಾತ್ರ ಸರಿಯುತ್ತಿದ್ದ ಬಾಗಿಲು ಈಗ, ಕೆಲಸ ಬೇರೆಯವರು ಮಾಡತೊಡಗಿದ ಮೇಲೆ, ಸರಿದದ್ದು ಮುಚ್ಚುತ್ತಲೇ ಇರಲಿಲ್ಲ. ಬಂದವರೆಲ್ಲ ಹೋಗುವಾಗ ಒಂದೇ ಮಾತು: "ನೀವು ಏಳಬೇಡಿ, ಏಳಬೇಡಿ." ಅಷ್ಟರಲ್ಲಿ ಅವರು ಎದ್ದಾಗಿರುತ್ತಿತ್ತು.

ತಿಂಗಳ ಸಭೆ ಬಂತು. ಕೇರಿಯ ಕೂಟದ ಮನೆಯಲ್ಲಿ ಚಹಾ, ಉಪ್ಪಿನಕಾಯಿ, ಯಥಾಪ್ರಕಾರ. ಅಧ್ಯಕ್ಷ ಸ್ಥಾನದಲ್ಲಿ ಯಜಮಾನರು. ವಿಷಯ, ವರ್ಷಕ್ಕೊಮ್ಮೆ ಕೇರಿಯವರೆಲ್ಲ ಕೂಡಿ ಹೋಗುವ ಪ್ರವಾಸ. ಹಿಸಾನೊ ಕೈಯೆತ್ತಿದಳು.

"ಈ ಸಲ ಮಾತ್ಸುಯಾಮಾಗೆ ಹೋಗೋಣ ಅಂತ ನನಗನ್ನಿಸುತ್ತೆ. ಎಲ್ಲಾದ್ರೂ ಅಗ್ಗದ ಕಡೆ ಉಳ್ಕೋಬಹುದು. ಈಗೆಲ್ಲ ಹಾಸ್ಟೆಲ್‌ಗಳು ಬಹಳ ಚೆನ್ನಾಗಿರ್ತವಂತೆ." ದಿನಾಂಕವನ್ನೂ ಹೇಳಿದಳು. ಅದು ಕಿಸಾಕು ಸಾನ್ ಹೊರಡುವ ದಿನವೇ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇತೊ ಅಜ್ಜಿ ಮೂಗು ಸೀಟಿದಳು. ಅವರನ್ನು ಒಬ್ಬರನ್ನೇ ಕಳಿಸಬಾರದೆಂದು ಒಳಗೊಳಗೆ ಎಲ್ಲರೂ ಮೊದಲೇ ಒಪ್ಪಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಒರಟರು ನಾವಲ್ಲ.

"ಯಾರದಾದರೂ ಆಕ್ಷೇಪಣೆ?" ಎಂದು ಅಧ್ಯಕ್ಷರು ಕೇಳಬೇಕು. ಕಿಸಾಕು ಸಾನ್ ಕೇಳಿದರು. ಕೇಳಿದ ಮೇಲೆ ಒಂದೊಂದೇ ಮುಖವನ್ನು ನೋಡುತ್ತಾ ಹೋದರು, ಯಾರಾದರೂ ಆಕ್ಷೇಪಿಸಲಿ ಎಂದು ಬೇಡಿಕೊಳ್ಳುವ ಹಾಗೆ. ನನ್ನ ಮುಖದ ಮೇಲೆ ಬಹಳ ಹೊತ್ತು ನಿಂತರು. ನಾನು ಚಹಾ ಕುಡಿದೆ. ನಮ್ಮ ಸಭೆಗಳಲ್ಲಿ ಮೌನವೆಂದರೆ ಸಮ್ಮತಿ. ಆಕ್ಷೇಪಣೆ ಎತ್ತಿದವನನ್ನು ನನ್ನ ತಂದೆಯ ಕಾಲದಿಂದಲೂ ಕಂಡಿಲ್ಲ. ಅಧ್ಯಕ್ಷರು ತಾವೇ ಆಕ್ಷೇಪಿಸುವ ಹಾಗಿಲ್ಲ.

"ಹಾಗಾದ್ರೆ... ಸರ್ವಾನುಮತದಿಂದ" ಎಂದರು ಕಿಸಾಕು ಸಾನ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರವಾಸದ ಏರ್ಪಾಡು ಯಜಮಾನನ ಹೊಣೆ. ಹೀಗಾಗಿ ಕಿಸಾಕು ಸಾನ್ ಮತ್ತೆ ಮಿಯೊಶಿಯ ಮೇಜಿನ ಮುಂದೆ ಕುಳಿತು, ತಾವು ಯಾರಿಂದ ತಪ್ಪಿಸಿಕೊಳ್ಳಲು ಹೊರಟಿದ್ದರೋ ಅವರಿಗೆಲ್ಲ ತಾವೇ ಹಾಸಿಗೆ ಕಾದಿರಿಸಿದರು. ಹೊರಡಲು ಆದವರು ಎಂಟು ಜನ; ಎಂಟು ಹಾಸಿಗೆಯ ಒಂದು ಇಡೀ ಕೋಣೆ ನಮ್ಮದಾಯಿತು. ಮಿಯೊಶಿ ಪ್ರತಿ ಹೆಸರು ಟೈಪು ಮಾಡುವಾಗಲೂ ಕಣ್ಣು ಒರೆಸಿಕೊಂಡನಂತೆ. "ಎಂಥಾ ಕೇರಿ ನಿಮ್ಮದು, ಕಿಸಾಕು ಸಾನ್!"

"ಹೌದಪ್ಪ" ಎಂದರಂತೆ ಅವರು. "ಎಂಥಾ ಕೇರಿ."

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಇತೊ ಅಜ್ಜಿಗೆ ಮೊಣಕಾಲು ನೋವು, ಅವಳಿಗೆ ಕೆಳಗಿನ ಹಾಸಿಗೆ ಬೇಕು. ತಂಗಿಯ ಜೊತೆಗೆಂದು ತಾವೂ ಹೊರಟುನಿಂತ ತಾತ್ಸುಜೊ ಅವರಿಗೆ ಮೇಲೆ ಮಲಗಿದರೆ ರೈಲಿನ ಬರ್ತಿನ ನೆನಪಾಗಿ ನಿದ್ದೆ ಬರುವುದಿಲ್ಲ. ಹಿಸಾನೊಗೆ ಕಿಟಕಿ ಪಕ್ಕ ಬೇಕು, ನನಗೆ ಕಿಟಕಿ ಬೇಡ. ಬೆಳಗಿನ ತಿಂಡಿ ಕೊಡುತ್ತಾರೋ, ಮಿಸೊ ಸಾರು ಇರುತ್ತದೋ ಬ್ರೆಡ್ಡೋ, ಟವಲು ನಾವೇ ಒಯ್ಯಬೇಕೋ, ಒಳಗೆ ಹಾಕಿಕೊಳ್ಳುವ ಚಪ್ಪಲಿ ಇದೆಯೋ ಎಂದೆಲ್ಲ ಕೇಳಲು ಜನ ಅವರ ಮನೆಗೆ ಎಡತಾಕಿದರು. "ನಾಲ್ಕು ಕೆಳಗೆ, ನಾಲ್ಕು ಮೇಲೆ" ಎಂದು ಅವರು ನಡೆಯುವಾಗಲೂ ಗೊಣಗುತ್ತಿದ್ದರು. ಕೊನೆಗೆ ಎಲ್ಲರಿಗೂ ಬೇಕಾದ ಜಾಗ ಕೊಟ್ಟು ಮುಗಿದಾಗ ಯಜಮಾನರಿಗೆ ಉಳಿದದ್ದು ಬಾಗಿಲ ಪಕ್ಕದ ಮೇಲಿನ ಹಾಸಿಗೆ. ನಿಮಗಾಗಿಯೇ ಹೊರಟವರು ನಾವು, ನೀವು ಕೆಳಗೆ ಮಲಗಿ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ನಾವು ಅವರಿಗಾಗಿ ಹೊರಟಿದ್ದೇವೆಂದು ಅವರಿಗೆ ಗೊತ್ತಾಗಬಾರದಲ್ಲ.

ಬಸ್ಸಿನಲ್ಲಿ ಕಿಸಾಕು ಸಾನ್ ಕಣ್ಣು ಮುಚ್ಚಿದಾಗಲೆಲ್ಲ ಸುಯೆ ಬೆಚ್ಚಿ, ಅವರ ಮೂಗಿನ ಬಳಿ ಕೈಹಿಡಿದು ನೋಡುತ್ತಿದ್ದಳು. ಅವರು ಎಚ್ಚರಗೊಂಡು, "ಏನೇ?" ಎನ್ನುತ್ತಿದ್ದರು. "ಏನಿಲ್ಲ, ಮಲಗಿ." ಹೀಗೆ ಘಟ್ಟ ಇಳಿಯುವವರೆಗೂ ನಡೆಯಿತು.

ಹಾಸ್ಟೆಲಿನ ಒಡತಿ ಕೂದಲನ್ನು ನೆತ್ತಿಯ ಮೇಲೆ ಗಂಟುಹಾಕಿದ ಚುರುಕು ಹೆಂಗಸು. ನಮ್ಮ ಹೆಸರುಗಳನ್ನು ಗುರುತು ಹಾಕಿಕೊಂಡು, "ಎಬ್ಬಿಸಲೇಬಾರದು ಅಂತ ಬರೆಸಿದೋರು ಯಾರು?" ಎಂದು ನಗುತ್ತಾ ಕೇಳಿದಳು. ನಾವೆಲ್ಲ ಚಪ್ಪಲಿ ನೋಡಿಕೊಂಡೆವು. ಸುಯೆ ಗೋಡೆಯ ಕಡೆ ತಿರುಗಿದಳು. ಒಡತಿಯ ನಗು ತಾನಾಗಿಯೇ ಆರಿಹೋಯಿತು. ಆಮೇಲೆ ಅವಳು ಕಿಸಾಕು ಸಾನ್‌ಗೆ ಎರಡು ದಿಂಬು ಕೊಟ್ಟಳು.

ಪರದೆ ನಿಜಕ್ಕೂ ಚಿತ್ರದಲ್ಲಿದ್ದಂತೆಯೇ ಇತ್ತು. ಕಡುನೀಲಿ, ದಪ್ಪ. ಕಿಸಾಕು ಸಾನ್ ಏಣಿ ಹತ್ತಿ, ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದದ್ದನ್ನು ನಾನು ನೋಡಿದೆ. ದೇವರ ಗೂಡಿನ ಬಾಗಿಲು ಹಾಕುವಷ್ಟು ಭಯಭಕ್ತಿ ಇತ್ತು ಆ ಕೈಯಲ್ಲಿ. ಪರದೆ ಇನ್ನೂ ಅಲುಗಾಡುತ್ತಿದ್ದಂತೆ ಕೆಳಗಿನಿಂದ ಹಿಸಾನೊ ಧ್ವನಿ ಬಂತು: "ಕಿಸಾಕು ಸಾನ್, ಇದ್ದೀರಾ?"

ಪರದೆಯ ಅಲುಗಾಟ ನಿಂತಿತು.

"ಇದ್ದೇನೆ" ಎಂದಿತು ಪರದೆ.

ಆ ರಾತ್ರಿಯ ವಿಷಯ ಹೆಚ್ಚು ಬರೆಯುವಂಥದ್ದೇನಿಲ್ಲ. ತಾತ್ಸುಜೊ ಗೊರಕೆಯಲ್ಲೂ ರೈಲು ಬಿಡುತ್ತಾರೆ. ಇತೊ ಅಜ್ಜಿ ನಿದ್ದೆಯಲ್ಲಿ ಕೋಳಿಗಳನ್ನು ಗೂಡಿಗೆ ಕರೆಯುತ್ತಾಳೆ. ಉಳಿದವರು ಸರದಿಯಂತೆ ಎದ್ದು, ಬಾಗಿಲ ಪಕ್ಕದ ಏಣಿ ಹತ್ತಿ, ಪರದೆ ಸರಿಸಿ, ಉಸಿರಾಡುತ್ತಿದ್ದಾರೋ ಎಂದು ನೋಡಿ ಇಳಿದೆವು. ಯಾರೊಬ್ಬರೂ ನಿದ್ದೆ ಮಾಡಲಿಲ್ಲ. ಗೊರಕೆ ಹೊಡೆದವರೂ ತಾವು ನಿದ್ದೆ ಮಾಡಲಿಲ್ಲವೆಂದೇ ಬೆಳಿಗ್ಗೆ ಸಾಧಿಸಿದರು.

ತಿಂಡಿಯಾದ ಮೇಲೆ ತಾತ್ಸುಜೊ ಟೋಪಿ ಸರಿಮಾಡಿಕೊಂಡು ಎದ್ದರು. "ಭಾವ, ನಡಿ. ಹಿಂದಿನ ಆಸ್ಪತ್ರೇಲಿ ಪರಿಚಯದೋರ ಕಡೆಯಿಂದ ಹೇಳಿಸಿ ಚೀಟಿ ಮಾಡ್ಸಿದೀನಿ. ನೀನು ಒಬ್ಬನೇ ಹೋಗೋದು ಬೇಡ."

"ಆಸ್ಪತ್ರೆಗೆ ನಾನ್ಯಾಕೆ ಹೋಗ್ಬೇಕು?"

ಕೆಂಪಡರಿದ ಕಣ್ಣುಗಳೆಲ್ಲ ಅವರನ್ನೇ ನೋಡಿದವು. ಆಗ ಕಿಸಾಕು ಸಾನ್‌ಗೆ ಕರಬೂಜಗಳ ಅರ್ಥ ಪೂರ್ತಿಯಾಗಿ ಹೊಳೆಯಿತು. ಅವರು ಹಾಸ್ಟೆಲಿನ ಅಂಗಳದ ನಡುವೆ ನಿಂತು ಕೈಯೆತ್ತಿ ಹೇಳಿದರು:

"ನೋಡಿ, ಎಲ್ಲರೂ ಕೇಳಿ. ನನಗೆ ಏನೂ ಆಗಿಲ್ಲ. ಏನಂದ್ರೆ ಏನೂ ಇಲ್ಲ."

"ಇಲ್ಲ, ಇಲ್ಲ" ಎಂದೆವು ನಾವು ಒಟ್ಟಿಗೆ, ಮಗುವಿಗೆ ಹೇಳುವ ಹಾಗೆ. "ಏನೂ ಆಗಿಲ್ಲ. ಸುಮ್ನೆ ಹಾಗೇ ಹೋಗಿ ಬರೋಣ."

ಇತೊ ಅಜ್ಜಿ ಅವರ ತೋಳು ಹಿಡಿದುಕೊಂಡಳು. "ನನ್ನ ಮುಖ ನೋಡಿ ಬಾರಪ್ಪ. ನಾನು ನಿನ್ನ ಮೊದಲ ಹೆಜ್ಜೆ ನೋಡಿದೋಳು." ಮೊಣಕಾಲು ನೋವಿನ ಮುದುಕಿ ಘಟ್ಟ ಇಳಿದು ಬಂದಿದ್ದಾಳೆ. ಅವಳಿಗೆ ಇಲ್ಲ ಎನ್ನುವುದು ಹೇಗೆ? ಕಿಸಾಕು ಸಾನ್ ನಡೆದರು.

ಆಸ್ಪತ್ರೆಯ ಕಾಯುವ ಹಜಾರ ನಮ್ಮ ಕೂಟದ ಮನೆಯ ನಾಲ್ಕರಷ್ಟಿತ್ತು. ಉದ್ದನೆಯ ಮೆತ್ತನೆಯ ಬೆಂಚುಗಳು. ಗೋಡೆಯ ಮೇಲೆ, ದಯವಿಟ್ಟು ಮೆಲ್ಲಗೆ ಮಾತಾಡಿ ಎಂಬ ಹಲಗೆ. ನಾವು ಹಳ್ಳಿಯವರು, ಹಲಗೆಯಲ್ಲಿ ಬರೆದದ್ದನ್ನು ಮೀರುವವರಲ್ಲ. ಹಿಸಾನೊ ಕೂಡ ಬಾಯಿ ಮುಚ್ಚಿದಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಕಿಸಾಕು ಸಾನ್ ಬೆಂಚಿನ ಮೂಲೆಯಲ್ಲಿ ಕುಳಿತರು. ಅತ್ತಿತ್ತ ನೋಡಿದರು. ಯಾರೂ ಏನೂ ಕೇಳಲಿಲ್ಲ. ಬಾಗಿಲುಗಳು ಸದ್ದಿಲ್ಲದೆ ತಾವೇ ಸರಿದು ತಾವೇ ಮುಚ್ಚುತ್ತಿದ್ದವು. ಅವರ ತಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಗಿ, ಕೊನೆಗೆ ಒಂದು ಪಕ್ಕಕ್ಕೆ ಒರಗಿತು. ದೇಹವೂ ಅದರ ಹಿಂದೆಯೇ ನಿಧಾನವಾಗಿ ವಾಲಿ ಬೆಂಚಿನ ಮೇಲೆ ಉದ್ದವಾಯಿತು. ಸುಯೆ ಅವರ ಕಾಲು ಎತ್ತಿಟ್ಟಳು.

ನರ್ಸು ಬಂದು ಹೆಸರು ಕೂಗಿದಳು. ಇತೊ ಅಜ್ಜಿ ಕೋಲನ್ನು ಅಡ್ಡ ಹಿಡಿದಳು. "ಎಬ್ಬಿಸಬೇಡಮ್ಮ. ಕೇಳಬೇಕಾದ್ದನ್ನ ಎದ್ದ ಮೇಲೆ ನಿಧಾನವಾಗೇ ಕೇಳಲಿ."

"ಅಜ್ಜಿ, ಡಾಕ್ಟರು ನೋಡ್ಬೇಕಲ್ಲ."

"ಅವರೇ ಬಂದು ನೋಡ್ಲಿ. ಮಲಗಿದ್ರೂ ಕಾಣಿಸ್ತಾನೆ."

ಬಹಳ ಹೊತ್ತಿನ ಮೇಲೆ, ಬೇರೆ ರೋಗಿಗಳೆಲ್ಲ ಹೋದ ನಂತರ, ಡಾಕ್ಟರು ತಾವೇ ಹೊರಗೆ ಬಂದರು. ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು, ಕಿವಿಗೆ ನಳಿಕೆ ಸಿಕ್ಕಿಸಿ ಎದೆ ಕೇಳಿದರು. ಕಿಸಾಕು ಸಾನ್ ಏಳಲಿಲ್ಲ. ಡಾಕ್ಟರು ಎದ್ದು ಸುಯೆಯನ್ನು ಮಾತ್ರ ಒಳಗೆ ಕರೆದರು. ಒಳಗೆ ನಡೆದದ್ದನ್ನು ಸುಯೆ ಆ ಚಳಿಗಾಲದಲ್ಲಿ ನನ್ನ ಹೆಂಡತಿಗೆ ಹೇಳಿದಳು.

"ಮನೇಲಿ ಎಷ್ಟು ಹೊತ್ತು ಮಲಗ್ತಾರಮ್ಮ ಇವರು?"

ಸುಯೆ ಹಂದಿಯಿಂದ ಆರಂಭಿಸಿದಳು. ಬಲೆ, ಬೇಲಿ, ಹುಲ್ಲು, ಶವಸಂಸ್ಕಾರ, ಕರಬೂಜ, ಎಲ್ಲವನ್ನೂ ಹೇಳಿದಳು. ಡಾಕ್ಟರು ಗಲ್ಲಕ್ಕೆ ಕೈಕೊಟ್ಟು ಕೇಳಿದರು.

"ಏನಿಲ್ಲ ಇವರಿಗೆ. ನಿದ್ದೆಗೆಟ್ಟಿದೆ, ಅಷ್ಟೇ. ಮಲಗಲಿ ಬಿಡಿ." ಬರೆಯುತ್ತಿದ್ದವರು ತಲೆಯೆತ್ತಿ ಅವಳ ಕಣ್ಣುಗಳನ್ನು ನೋಡಿದರು. "ಅದಿರಲಿ, ಅಷ್ಟು ಸಲ ಬಾಗಿಲಿಗೆ ಓಗೊಟ್ಟು, ಬಂದವರಿಗೆಲ್ಲ ಚಹಾ ಕೊಡೋರು ಯಾರು?"

"ನಾನೇ."

"ನೀವೆಷ್ಟು ಹೊತ್ತು ಮಲಗ್ತೀರಿ?"

ಮದುವೆಯಾಗಿ ಬಂದಂದಿನಿಂದ ಸುಯೆಯನ್ನು ಯಾರೂ ಅದನ್ನು ಕೇಳಿರಲಿಲ್ಲ.

ಅವಳು ಹೊರಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. ಏನಂದರು ಎಂದು ಯಾರೂ ಕೇಳಲಿಲ್ಲ. ಸುಯೆ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದ ಗಂಡನನ್ನು ನೋಡಿದಳು. ಆಮೇಲೆ ಸಾಲಾಗಿ ನಿಂತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವಳ ಮುಖದಲ್ಲಿ ಏನೋ ಗಟ್ಟಿಯಾದದ್ದನ್ನು ನಾನು ಕಂಡೆ.

"ಚಿಕ್ಕದೇನಲ್ಲವಂತೆ" ಎಂದಳು.

ತಾತ್ಸುಜೊ ಟೋಪಿ ತೆಗೆದರು.

"ಮಲಗಿದ್ರೆ ವಾಸಿಯಾಗುತ್ತಂತೆ. ಆದ್ರೆ ಬಾಗಿಲು ಸರಿಸೋ ಸದ್ದು ಕಿವಿಗೆ ಬೀಳಬಾರದಂತೆ. 'ಇದ್ದೀರಾ' ಅಂತ ಯಾರೂ ಕೂಗಬಾರದಂತೆ. ಕೂಗಿದ್ರೆ ಮತ್ತೆ ಮೊದಲಿಂದ ಶುರುವಾಗುತ್ತಂತೆ."

"ಎಲ್ಲೀವರೆಗೆ?" ಎಂದು ಹಿಸಾನೊ ಕೇಳಿಯೇಬಿಟ್ಟಳು. ನಮ್ಮ ಕೇರಿಯಲ್ಲಿ ಯಾರಾದರೂ ಯಾರನ್ನಾದರೂ ನೇರವಾಗಿ ಕೇಳಿದ್ದು ಅದೇ ಮೊದಲಿರಬೇಕು.

"ಯಜಮಾನಿಕೆ ಸರದಿ ಮುಗಿಯೋವರೆಗೆ."

"ಕೆಲಸಾನೆಲ್ಲ ನಾನು ನೋಡ್ಕೋತೀನಿ" ಎಂದಳು ಹಿಸಾನೊ. ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೆ ಹೊಳೆದಿರಬೇಕು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತು.

"ಇನ್ನೊಂದು" ಎಂದಳು ಸುಯೆ. "ಇದು ಹತ್ರ ಇರೋರಿಗೂ ತಗುಲುತ್ತಂತೆ. ನನಗಾಗಲೇ ಶುರುವಾಗಿದೆಯಂತೆ."

ಹೀಗೆಂದು ಗಂಡನ ತಲೆಯ ಪಕ್ಕ ಕುಳಿತು, ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನೋಡನೋಡುತ್ತಿದ್ದಂತೆ ಅವಳ ಗದ್ದ ಎದೆಗಿಳಿಯಿತು.

ನಾವು ಎದುರಿನ ಬೆಂಚಿನಲ್ಲಿ ಸಾಲಾಗಿ ಕುಳಿತೆವು. ಹಜಾರ ಬೆಚ್ಚಗಿತ್ತು, ಎಲ್ಲೋ ಒಂದು ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮೊದಲು ತಾತ್ಸುಜೊ ಅವರಿಗೆ ತಗುಲಿತು. ಮಡಿಲಿನ ಟೋಪಿ ಜಾರಿ ನೆಲಕ್ಕೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಅವರಿಂದ ಇತೊ ಅಜ್ಜಿಗೆ ಬಂತು. ಅಜ್ಜಿ ನನ್ನ ಹೆಗಲಿಗೆ ಒರಗಿ, ಬಹಳ ಮೆಲ್ಲಗೆ, ಹಲಗೆಯ ಮಾತಿಗೆ ಮರ್ಯಾದೆ ಕೊಟ್ಟು, ಕೋಳಿಗಳನ್ನು ಕರೆಯತೊಡಗಿದಳು. ಹಿಸಾನೊ ಅತ್ತಿತ್ತ ನೋಡಿದಳು. ಹೇಳಲು ಅವಳ ಹತ್ತಿರ ಎಷ್ಟೋ ಇತ್ತು, ಕೇಳಲು ಯಾರೂ ಎಚ್ಚರವಿರಲಿಲ್ಲ. ಅವಳು ನನ್ನ ಕಡೆ ತಿರುಗಿ ಬಾಯಿ ತೆರೆದದ್ದು ನೆನಪಿದೆ. ನನಗೆ ಅಷ್ಟರಲ್ಲಿ ತಗುಲಿಬಿಟ್ಟಿತು.